ಗೇಮ್ ಸುದ್ದಿಯ ಪಕ್ಕದಲ್ಲಿ ಅಮೆರಿಕದ ಕೋರ್ಟ್ ಕಡತ: ನನ್ನ ಅನುಭವ

ವಿಡಿಯೊ ಗೇಮ್ ಸುದ್ದಿಯನ್ನು ಮೊದಲಿನಿಂದಲೂ ಓದುತ್ತಿದ್ದೆನಾದರೂ, ಅದನ್ನು ಅಮೆರಿಕದ ರಾಜಕೀಯ ಮತ್ತು ಕಾನೂನಿನ ಜೊತೆಗಿಟ್ಟು ನೋಡುವ ಅಭ್ಯಾಸ ನನಗೆ ಹತ್ತಿದ್ದು ಮೈಕ್ರೋಸಾಫ್ಟ್ ಕಂಪನಿಯು ಗೇಮ್ ತಯಾರಿಸುವ ಆಕ್ಟಿವಿಷನ್ ಬ್ಲಿಝಾರ್ಡನ್ನು ಕೊಳ್ಳಲು ಹೊರಟಾಗ. 2022ರ ಜನವರಿಯಲ್ಲಿ ಪ್ರಕಟವಾದ 6,870 ಕೋಟಿ ಡಾಲರ್ ಮೊತ್ತದ ಆ ಖರೀದಿಯನ್ನು ತಡೆಯಲು ಮಾರುಕಟ್ಟೆಯ ಸ್ಪರ್ಧೆಯನ್ನು ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದೇ ವರ್ಷದ ಡಿಸೆಂಬರಿನಲ್ಲಿ ದೂರು ಹೂಡಿತು. ತಾತ್ಕಾಲಿಕ ತಡೆಯಾಜ್ಞೆಯ ವಿಚಾರಣೆ 2023ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಿತು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿನ ಬೆಳಗಿನ ಕಲಾಪ ನಮ್ಮ ರಾತ್ರಿ ಊಟದ ಹೊತ್ತಿಗೆ ಶುರುವಾಗುತ್ತಿತ್ತು. ಪ್ಲೇಸ್ಟೇಷನ್ ತಯಾರಿಸುವ ಪ್ರತಿಸ್ಪರ್ಧಿ ಸೋನಿ ಸಲ್ಲಿಸಿದ ದಾಖಲೆಯೊಂದರಲ್ಲಿ ಗೋಪ್ಯ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರೂ, ಸ್ಕ್ಯಾನ್ ಪ್ರತಿಯಲ್ಲಿ ಶಾಯಿಯಡಿಯ ಅಕ್ಷರಗಳು ಓದುವಂತಿದ್ದವು; 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮ್ ತಯಾರಿಕೆಗೆ ಸುಮಾರು 22 ಕೋಟಿ ಡಾಲರ್ ಖರ್ಚಾಗಿತ್ತೆಂದು ಲೋಕಕ್ಕೆ ತಿಳಿದದ್ದು ಹಾಗೆ. ಯಾವ ಸಂದರ್ಶನದಲ್ಲಿಯೂ ಸಿಗದ ಸಂಗತಿ ಕೋರ್ಟಿನ ಕಡತದಲ್ಲಿ ಸಿಗುತ್ತದೆಂದು ಆಗ ಮನವರಿಕೆಯಾಯಿತು.

ಜುಲೈನಲ್ಲಿ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕೋರ್ಲಿ ತಡೆಯಾಜ್ಞೆ ನಿರಾಕರಿಸಿದಾಗ 'ಖರೀದಿಗೆ ಒಪ್ಪಿಗೆ' ಎಂಬ ಧಾಟಿಯ ಶೀರ್ಷಿಕೆಗಳು ಬಂದವು. ಆದೇಶವನ್ನೇ ತೆರೆದು ನೋಡಿದರೆ ಅವರ ಮುಂದಿದ್ದ ಪ್ರಶ್ನೆ ಅಷ್ಟು ವಿಶಾಲವಾಗಿರಲಿಲ್ಲ: ಈ ಖರೀದಿಯಿಂದ ಸ್ಪರ್ಧೆ ಗಣನೀಯವಾಗಿ ಕುಗ್ಗುತ್ತದೆಂದು ಕಮಿಷನ್ ಪೂರ್ಣ ವಿಚಾರಣೆಯಲ್ಲಿ ಸಾಬೀತುಪಡಿಸುವ ಸಂಭವವಿದೆಯೇ ಎಂಬುದಷ್ಟೇ. ಖರೀದಿಗೆ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಒಡ್ಡಿದ್ದ ತಡೆ ಆಗಲೂ ಹಾಗೆಯೇ ಇತ್ತು. ಗೇಮ್‌ಗಳನ್ನು ಅಂತರ್ಜಾಲದ ಮೂಲಕವೇ ಆಡಿಸುವ ಕ್ಲೌಡ್ ಸ್ಟ್ರೀಮಿಂಗ್ ಹಕ್ಕುಗಳನ್ನು ಮೈಕ್ರೋಸಾಫ್ಟ್ ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್‌ಗೆ ಬಿಟ್ಟುಕೊಟ್ಟ ಮೇಲೆ, ಅಕ್ಟೋಬರ್ 13ರಂದು ವ್ಯವಹಾರ ಮುಗಿಯಿತು. ಅಂದಿನಿಂದ ನಾನು ಯಾವ ಆದೇಶವನ್ನಾದರೂ ಕೊನೆಯ ಪುಟದಿಂದ ಓದತೊಡಗಿದೆ. ನ್ಯಾಯಾಲಯ ನಿಜಕ್ಕೂ ಏನು ಮಾಡಿತೆಂಬುದು ಅಲ್ಲಿರುತ್ತದೆ. ಅದರ ನಂತರ ಹುಡುಕುವುದು ಮಾರುಕಟ್ಟೆಯ ವ್ಯಾಖ್ಯಾನವನ್ನು, ಏಕೆಂದರೆ ಏಕಸ್ವಾಮ್ಯದ ಮೊಕದ್ದಮೆಗಳು ಹೆಚ್ಚಾಗಿ ಗೆಲ್ಲುವುದೂ ಸೋಲುವುದೂ ಅಲ್ಲಿಯೇ. ಫೋರ್ಟ್‌ನೈಟ್ ಗೇಮ್ ತಯಾರಿಸಿದ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಎಪಿಕ್ ಐಫೋನ್ ಆ್ಯಪ್ ವಿತರಣೆಯನ್ನೇ ಒಂದು ಮಾರುಕಟ್ಟೆ ಎಂದಿತು, ಆಪಲ್ ಎಲ್ಲ ವಿಡಿಯೊ ಗೇಮ್‌ಗಳನ್ನೂ ಸೇರಿಸಬೇಕೆಂದಿತು. ನ್ಯಾಯಾಧೀಶೆ ಇವೊನ್ ಗೊನ್ಝಾಲೆಝ್ ರೋಜರ್ಸ್ ಎರಡನ್ನೂ ಬಿಟ್ಟು ಮೊಬೈಲ್ ಗೇಮ್ ವಹಿವಾಟನ್ನು ಮಾರುಕಟ್ಟೆಯಾಗಿ ಗುರುತಿಸಿದರು. 2021ರ ಆ ತೀರ್ಪಿನಲ್ಲಿ ಎಪಿಕ್‌ನ ಹತ್ತು ಆರೋಪಗಳ ಪೈಕಿ ಒಂಬತ್ತು ಬಿದ್ದುಹೋದವು. ಉಳಿದ ಒಂದರಿಂದ ಹುಟ್ಟಿದ, ಆ್ಯಪ್‌ನ ಹೊರಗೆ ಹಣ ಪಾವತಿಸುವ ದಾರಿ ತೋರಿಸಲು ಬಿಡಬೇಕೆಂಬ ಆದೇಶವನ್ನು ಆಪಲ್ ಉಲ್ಲಂಘಿಸಿದೆಯೆಂದು 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಧೀಶೆ ಹೇಳಿದರು, ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಅಮೆರಿಕದ ಐಫೋನ್‌ಗಳಿಗೆ ಮರಳಿತು.

ರಾಜಕೀಯದ ಭಾಗವನ್ನು ಪಕ್ಷಗಳ ಬಣ್ಣ ನೋಡಿ ಊಹಿಸುವುದನ್ನು ನಾನು ಬೇಗ ಬಿಟ್ಟೆ. ಕಮಿಷನ್ನಿನ ಅಂದಿನ ಅಧ್ಯಕ್ಷೆ ಲೀನಾ ಖಾನ್ ಅವರನ್ನೂ, ಅವರ ವಾದವನ್ನು ಒಪ್ಪದ ಕೋರ್ಲಿಯವರನ್ನೂ ಆ ಹುದ್ದೆಗಳಿಗೆ ನೇಮಿಸಿದ್ದು ಬೈಡನ್ ಅವರೇ. ಜಪಾನಿನ ಉನ್ನತ ದರ್ಜೆಯ ಕನ್ಸೋಲ್ (ಗೇಮ್ ಆಡುವ ಯಂತ್ರ) ಮಾರುಕಟ್ಟೆಯಲ್ಲಿ ಸೋನಿಯ ಪಾಲು ಶೇ 98 ಎಂದು 2023ರಲ್ಲಿ ಸೆನೆಟ್ ಸಮಿತಿಯೆದುರು ದೂರಿದ ಸೆನೆಟರ್ ಮರಿಯಾ ಕ್ಯಾಂಟ್‌ವೆಲ್ ಕೂಡ ಡೆಮಾಕ್ರಾಟ್. ಆದರೆ ಅವರು ಪ್ರತಿನಿಧಿಸುವುದು ಮೈಕ್ರೋಸಾಫ್ಟ್ ಇರುವ ವಾಷಿಂಗ್ಟನ್ ರಾಜ್ಯವನ್ನು. (ನಮ್ಮ ಸಂಸದರನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.) ಹಿಂಸಾತ್ಮಕ ಗೇಮ್‌ಗಳನ್ನು ಮಕ್ಕಳಿಗೆ ಮಾರದಂತೆ ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ 2011ರಲ್ಲಿ 7-2 ಬಹುಮತದಿಂದ ರದ್ದುಪಡಿಸಿದಾಗಲೂ ಹೀಗೆಯೇ ಆಯಿತು: ಸಂಪ್ರದಾಯವಾದಿ ಸ್ಕಾಲಿಯಾ ಬರೆದ ತೀರ್ಪಿಗೆ ಉದಾರವಾದಿ ಗಿನ್ಸ್‌ಬರ್ಗ್ ಸಹಮತ ನೀಡಿದರೆ, ಭಿನ್ನಮತ ಬರೆದವರು ಸಂಪ್ರದಾಯವಾದಿ ಥಾಮಸ್ ಮತ್ತು ಉದಾರವಾದಿ ಬ್ರೇಯರ್, ಅದೂ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಕಾರಣಗಳಿಗಾಗಿ.

ಇತ್ತೀಚೆಗೆ ಕೋರ್ಟಿನ ಕಡತದ ಜೊತೆಗೆ ಸುಂಕದ ಆದೇಶಗಳನ್ನೂ ನೋಡಬೇಕಾಗಿ ಬಂದಿದೆ. 2025ರ ಏಪ್ರಿಲ್ 2ರಂದು ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಹೊಸ ಕನ್ಸೋಲ್ ಸ್ವಿಚ್ 2ರ ವಿವರಗಳನ್ನು ಪ್ರಕಟಿಸಿತು. ಅದೇ ದಿನ ಟ್ರಂಪ್ ಹೊಸ ಸುಂಕಗಳನ್ನು ಘೋಷಿಸಿದರು, ನಿಂಟೆಂಡೊ ಉತ್ಪಾದನೆಯ ಒಂದು ಭಾಗ ನಡೆಯುವ ವಿಯೆಟ್ನಾಂ ಮೇಲೆ ಶೇ 46. ಎರಡು ದಿನಗಳಲ್ಲಿ ಅಮೆರಿಕದ ಮುಂಗಡ ಬುಕಿಂಗ್ ಮುಂದೂಡಲ್ಪಟ್ಟಿತು. ಬುಕಿಂಗ್ ಏಪ್ರಿಲ್ 24ಕ್ಕೆ ತೆರೆದಾಗ ಕನ್ಸೋಲಿನ ಬೆಲೆ ಹಿಂದಿನ 449.99 ಡಾಲರ್‌ನಲ್ಲಿಯೇ ನಿಂತಿತ್ತು, ಏರಿದ್ದು ಕೆಲವು ಬಿಡಿ ಪರಿಕರಗಳ ಬೆಲೆ.