ಕಿಡ್ನಿ ಕಸಿಯ ಫಲಿತಾಂಶ ಅಳೆಯುವುದು: ಹಳೇ ಫೈಲುಗಳಿಂದ ಅಧ್ಯಯನ ಮಾಡುವವರಿಗೆ

ಕಸಿ ಕೇಂದ್ರದ ಹತ್ತು ವರ್ಷದ ಫೈಲುಗಳನ್ನು ಮೇಜಿನ ಮೇಲೆ ರಾಶಿ ಹಾಕಿಕೊಂಡು, ಎಕ್ಸೆಲ್ ತೆರೆದು, ನೇರವಾಗಿ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರುವ ರಕ್ತದ ಅಂಕಿ) ತುಂಬಲು ಕೂರಬೇಡಿ. ಥೀಸಿಸ್‌ಗಳು ಕೆಡುವುದು ಅಲ್ಲೇ. ಯಾವ ದಿನದಿಂದ ಎಣಿಸುತ್ತೀರಿ, ಯಾವ ದಿನಕ್ಕೆ ನಿಲ್ಲಿಸುತ್ತೀರಿ, ಏನಾದರೆ ‘ಕಿಡ್ನಿ ಹೋಯಿತು’ ಎನ್ನುತ್ತೀರಿ? ಈ ಮೂರನ್ನೂ ಮೊದಲು ಒಂದು ಹಾಳೆಯಲ್ಲಿ ಬರೆದು ಗೈಡ್ ಕೈಯಲ್ಲಿ ಸಹಿ ಹಾಕಿಸಿ. ಅಂಕಿ ನೋಡಿದ ಮೇಲೆ ವ್ಯಾಖ್ಯೆ ಬರೆದರೆ ಅದು ಅಂಕಿಗೆ ತಕ್ಕಂತೆ ಬಾಗುತ್ತದೆ.

ಎಣಿಕೆ ಶುರುವಾಗಬೇಕಾದದ್ದು ಶಸ್ತ್ರಚಿಕಿತ್ಸೆಯ ದಿನದಿಂದ. ಡಿಸ್ಚಾರ್ಜ್ ದಿನದಿಂದ ಹಿಡಿದರೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿ ಎರಡನೇ ದಿನವೇ ಕಿಡ್ನಿ ಕಳೆದುಕೊಂಡವರು, ವಾರ್ಡಿನಲ್ಲೇ ಸೋಂಕಿನಿಂದ ತೀರಿಕೊಂಡವರು ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋಗುತ್ತಾರೆ. ಕೊನೆಯ ದಿನ ಎಲ್ಲರಿಗೂ ಒಂದೇ ಇರಲಿ. ಅದು 31 ಡಿಸೆಂಬರ್ 2023 ಎಂದಾದರೆ, ಎಲ್ಲರಿಗೂ ಕನಿಷ್ಠ ಒಂದು ವರ್ಷದ ಅವಧಿ ಸಿಗಲು 2022ರ ಕೊನೆಯವರೆಗೆ ಕಸಿಯಾದವರನ್ನು ಮಾತ್ರ ಸೇರಿಸಿ.

ಕಿಡ್ನಿ ಹೋಯಿತು ಎನ್ನುವುದಕ್ಕೆ ಕಾಯಂ ಡಯಾಲಿಸಿಸ್, ಕಸಿ ಕಿಡ್ನಿ ತೆಗೆದದ್ದು, ಮತ್ತೊಂದು ಕಸಿ, ಇವುಗಳಲ್ಲಿ ಯಾವುದು ಮೊದಲೋ ಅದರ ದಿನಾಂಕ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ತೀರಿಕೊಂಡವರ ಪ್ರಶ್ನೆ ಬೇರೆ. 100 ಮಂದಿಯನ್ನು ಒಬ್ಬರೂ ತಪ್ಪದಂತೆ 5 ವರ್ಷ ನೋಡಿದಿರಿ ಎಂದಿಟ್ಟುಕೊಳ್ಳಿ. 10 ಮಂದಿ ಕಿಡ್ನಿ ಸರಿಯಿದ್ದೇ ಸತ್ತರು, 8 ಮಂದಿ ಡಯಾಲಿಸಿಸ್‌ಗೆ ಮರಳಿದರು. ಸಾವನ್ನೂ ಸೋಲೆಂದು ಹಿಡಿದರೆ ಉಳಿವು ಶೇ. 82. ಸತ್ತವರನ್ನು ಸೆನ್ಸಾರ್ ಮಾಡಿದರೆ, ಅಂದರೆ ಸತ್ತ ದಿನಕ್ಕೇ ಅವರ ಎಣಿಕೆ ನಿಲ್ಲಿಸಿ ಸೋಲೆಂದು ಹಿಡಿಯದಿದ್ದರೆ, ಶೇ. 91–92. ಎರಡೂ ನಿಜ, ಎರಡನ್ನೂ ಬರೆಯಬೇಕು. ಎರಡನೆಯದನ್ನು ಮಾತ್ರ ಬರೆದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದ ಬಿಗಿಯಿಂದ ಕಿಡ್ನಿ ಉಳಿಸಿ ರೋಗಿಯನ್ನು ಸೋಂಕಿಗೆ ಬಿಟ್ಟುಕೊಟ್ಟ ಕೇಂದ್ರವೂ ಹೊಳೆಯುತ್ತದೆ.

ಫೈಲು ಮುಟ್ಟುವ ಮೊದಲು ಎಥಿಕ್ಸ್ ಕಮಿಟಿ. ಗುರುತು ಅಳಿಸಿದ ಹಳೇ ದಾಖಲೆಗಳಿಗೆ ರೋಗಿಯ ಒಪ್ಪಿಗೆಯಿಂದ ವಿನಾಯಿತಿ ಕೇಳಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆದರೆ ಅದನ್ನು ಕೊಡಬೇಕಾದದ್ದು ಕಮಿಟಿ, ನೀವಲ್ಲ. ರೋಗಿಗಳಿಗೆ ಫೋನ್ ಮಾಡುವಿರಾದರೆ, ಮಾಡಲೇಬೇಕಾಗುತ್ತದೆ, ಏನು ಕೇಳುತ್ತೀರಿ ಎಂಬುದನ್ನೂ ಅರ್ಜಿಯಲ್ಲೇ ಸೇರಿಸಿ. ಮೃತ ದಾನಿಗಳ ಅಂಗ ಹಂಚುವ ಕರ್ನಾಟಕದ ಸಂಸ್ಥೆ ಜೀವಸಾರ್ಥಕತೆಯ ಮೂಲಕ ಬಂದ ಅಂಗಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಗ್ರೀನ್ ಕಾರಿಡಾರ್ (ಅಂಗ ಸಾಗಿಸಲು ರಸ್ತೆ ತೆರವು ಮಾಡುವುದು) ಸುದ್ದಿ ಪತ್ರಿಕೆಯಲ್ಲಿ ಬಂದಿರುತ್ತದೆ. ಕಸಿಯ ತಾರೀಕು ಅಚ್ಚಾದರೆ ದಾನಿ ಯಾರೆಂದು ಯಾರು ಬೇಕಾದರೂ ಹುಡುಕಬಹುದು. ಪ್ರಕಟಿಸುವಾಗ ವರ್ಷ ಮಾತ್ರ ಸಾಕು.

ಎಕ್ಸೆಲ್‌ನಲ್ಲಿ ಎರಡು ಶೀಟ್ ಬೇಕು. ಒಂದರಲ್ಲಿ ಒಂದು ಕಸಿಗೆ ಒಂದು ಸಾಲು: ವಯಸ್ಸು, ಮೂಲ ಕಾಯಿಲೆ, ದಾನಿ ಜೀವಂತವೋ ಮಿದುಳು ನಿಷ್ಕ್ರಿಯರೋ, ಎಚ್‌ಎಲ್‌ಎ ಹೊಂದಾಣಿಕೆ (ದಾನಿಯ ಮತ್ತು ರೋಗಿಯ ಅಂಗಾಂಶದ ಗುರುತುಗಳು ಎಷ್ಟು ಹೊಂದುತ್ತವೆ), ಇಂಡಕ್ಷನ್ ಔಷಧ (ಕಸಿಯ ಹೊತ್ತಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವುದು). ಇನ್ನೊಂದರಲ್ಲಿ ಒಂದು ಘಟನೆಗೆ ಒಂದು ಸಾಲು. ‘ಸೋಂಕು 1, ಸೋಂಕು 2, ಸೋಂಕು 3’ ಎಂದು ಅಡ್ಡಕ್ಕೆ ಕಾಲಂ ಬೆಳೆಸುತ್ತಾ ಹೋದವರು ಏಳನೇ ಮೂತ್ರದ ಸೋಂಕು ಬಂದಾಗ ತಲೆ ಚಚ್ಚಿಕೊಳ್ಳುತ್ತಾರೆ. ತಾರೀಕನ್ನು 2019-07-03 ಎಂದು ವರ್ಷ ಮೊದಲಿಟ್ಟು ಬರೆಯಿರಿ. 03/07/2019 ಎಂದರೆ ಕಂಪ್ಯೂಟರ್‌ನ ಸೆಟಿಂಗ್ ಅಮೆರಿಕದ್ದಾಗಿದ್ದರೆ ಜುಲೈ 3 ಮಾರ್ಚ್ 7 ಆಗುತ್ತದೆ. ಹಾಗಾದರೆ ಕೆಲವರು ಕಸಿಗೆ ಮುಂಚೆಯೇ ರಿಜೆಕ್ಷನ್ (ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವುದು) ಆದವರಂತೆ ಕಾಣುತ್ತಾರೆ. ಹಾಗೆ ಕಂಡದ್ದು ಪುಣ್ಯ, ಉಳಿದ ತಪ್ಪುಗಳು ಕಾಣುವುದೇ ಇಲ್ಲ. ಖಾಲಿ ಬಿಡುವುದು, ಸೊನ್ನೆ, ‘ಇಲ್ಲ’, ‘ಫೈಲಿನಲ್ಲಿ ಬರೆದಿಲ್ಲ’ ಈ ನಾಲ್ಕೂ ಬೇರೆ ಬೇರೆ. ಮಂಜುನಾಥ ಎಂಬ ಹೆಸರು ಇಂಗ್ಲಿಷಿನಲ್ಲಿ ಮೂರು ತರಹ ಬರೆದಿರುತ್ತದೆ, ಆದ್ದರಿಂದ ಆಸ್ಪತ್ರೆ ನಂಬರನ್ನೇ ನಂಬಿ.

ರಿಜೆಕ್ಷನ್ ತಡೆಯುವ ಔಷಧ ಟ್ಯಾಕ್ರೊಲಿಮಸ್‌ನ ರಕ್ತದ ಮಟ್ಟ ತುಂಬುವಾಗ ರಕ್ತ ತೆಗೆದ ಸಮಯ ನೋಡಿ. ದಿನಕ್ಕೆರಡು ಬಾರಿ ನುಂಗುವ ಮಾತ್ರೆಯಾದರೆ, ಹಿಂದಿನ ಡೋಸ್ ಆಗಿ 12 ತಾಸಿಗೆ, ಮುಂದಿನ ಡೋಸ್‌ಗೆ ಮೊದಲು ತೆಗೆದದ್ದು ಮಾತ್ರ ಟ್ರಫ್, ಅಂದರೆ ಎರಡು ಡೋಸ್ ನಡುವಿನ ಅತಿ ಕಡಿಮೆ ಮಟ್ಟ. ಬೆಳಿಗ್ಗೆ ಆರಕ್ಕೆ ಕಾಫಿ ಜೊತೆ ಮಾತ್ರೆ ನುಂಗಿ, ಒಪಿಡಿ ಸಾಲಿನಲ್ಲಿ ನಿಂತು ಒಂಬತ್ತಕ್ಕೆ ರಕ್ತ ಕೊಟ್ಟವರ ಅಂಕಿ ಸುಮ್ಮನೆ ಮೇಲೇರಿರುತ್ತದೆ. ಕ್ಷಯಕ್ಕೆ ‘ಹೌದು/ಇಲ್ಲ’ ಎಂಬ ಕಾಲಂ ಸಾಲದು. ಕ್ಷಯದ ಔಷಧ ರಿಫಾಂಪಿಸಿನ್ ಟ್ಯಾಕ್ರೊಲಿಮಸ್ ಮಟ್ಟವನ್ನು ಪಾತಾಳಕ್ಕೆ ಇಳಿಸುತ್ತದೆ, ಶಿಲೀಂಧ್ರ ಸೋಂಕಿನ ಔಷಧ ಫ್ಲುಕೊನಜೋಲ್ ಮತ್ತು ಬಿಪಿ ಔಷಧ ಡಿಲ್ಟಿಯಾಜೆಮ್ ಏರಿಸುತ್ತವೆ. ಇವು ಶುರುವಾದ ಮತ್ತು ನಿಂತ ತಾರೀಕು ಇಲ್ಲದಿದ್ದರೆ, ಎರಡು ತಿಂಗಳ ನಂತರದ ರಿಜೆಕ್ಷನ್ ‘ಕಾರಣ ತಿಳಿಯದ್ದು’ ಆಗಿ ಕೂರುತ್ತದೆ.

ಈಗ ತೊಡಕುಗಳ ವ್ಯಾಖ್ಯೆ. ಕಿಡ್ನಿ ತಡವಾಗಿ ಕೆಲಸ ಶುರು ಮಾಡುವುದು ಎಂದರೆ ಮೊದಲ 7 ದಿನದೊಳಗೆ ಡಯಾಲಿಸಿಸ್ ಬೇಕಾಗುವುದು. ಪೊಟ್ಯಾಸಿಯಂ ಏರಿತೆಂದು ಮೊದಲ ರಾತ್ರಿ ಮಾಡಿದ ಒಂದೇ ಒಂದು ಡಯಾಲಿಸಿಸನ್ನು ಸೇರಿಸುತ್ತೀರೋ ಬಿಡುತ್ತೀರೋ ಬರೆದಿಡಿ. ರಿಜೆಕ್ಷನ್‌ನಲ್ಲಿ ಬಯಾಪ್ಸಿಯಲ್ಲಿ ಖಚಿತವಾದದ್ದು, ಬಯಾಪ್ಸಿ ಇಲ್ಲದೆ ಸ್ಟಿರಾಯ್ಡ್ ಪಲ್ಸ್ (ಕೆಲವು ದಿನ ದೊಡ್ಡ ಡೋಸ್) ಕೊಟ್ಟದ್ದು ಬೇರೆ ಬೇರೆ ಇರಲಿ. ಕಸಿ ಬಯಾಪ್ಸಿ ಓದಲು ಬಳಸುವ ಬ್ಯಾನ್ಫ್ ವರ್ಗೀಕರಣ 1991ರ ಸಭೆಯ ನಂತರ ಎಷ್ಟೋ ಸಲ ಬದಲಾಗಿದೆ. ಸಿ4ಡಿ (ಪ್ರತಿಕಾಯದ ದಾಳಿಯ ಗುರುತಾಗಿ ಬಯಾಪ್ಸಿಯಲ್ಲಿ ಹುಡುಕುವುದು) ನೆಗೆಟಿವ್ ಇದ್ದರೂ ಪ್ರತಿಕಾಯದ ರಿಜೆಕ್ಷನ್ ಇರಬಹುದೆಂದು ಒಪ್ಪಿದ್ದು 2013ರ ಆವೃತ್ತಿ. ಅದಕ್ಕೆ ಹಿಂದಿನ ವರದಿಯನ್ನೂ ಮುಂದಿನದನ್ನೂ ಒಂದೇ ಬುಟ್ಟಿಗೆ ಹಾಕುವಂತಿಲ್ಲ. ಪೆಥಾಲಜಿಯವರಿಗೆ ರೋಗಿಯ ಫಲಿತಾಂಶ ತಿಳಿಸದೆ, ಹಳೇ ಸ್ಲೈಡುಗಳನ್ನು ಒಂದೇ ಆವೃತ್ತಿಯಲ್ಲಿ ಮತ್ತೆ ಓದಿಸಿ.

ಕಸಿಯ ನಂತರದ ಮಧುಮೇಹವನ್ನು ಕನಿಷ್ಠ 45 ದಿನ ಕಳೆಯದೆ ಎಣಿಸಬೇಡಿ, ಅಲ್ಲಿಯವರೆಗೆ ಸ್ಟಿರಾಯ್ಡ್‌ನಿಂದ ಬಹಳ ಮಂದಿಗೆ ಸಕ್ಕರೆ ಏರುತ್ತದೆ. ರಕ್ತಹೀನತೆ ಮತ್ತು ರಕ್ತ ಕೊಟ್ಟಿರುವುದರಿಂದ ಮೊದಲ ತಿಂಗಳುಗಳಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಪರೀಕ್ಷೆ) ಕೂಡ ಕೈಕೊಡುತ್ತದೆ. ಮೊದಲೇ ಮಧುಮೇಹ ಇದ್ದವರನ್ನು ಒಟ್ಟು ಸಂಖ್ಯೆಯಿಂದ ಕಳೆಯಲು ಮರೆತರೆ ಪ್ರಮಾಣ ಸುಳ್ಳಾಗಿ ಕಡಿಮೆ ಬರುತ್ತದೆ. ಕಸಿ ಕಿಡ್ನಿಯನ್ನು ಕೆಡಿಸಬಲ್ಲ ಬಿಕೆ ವೈರಸ್ ಹುಡುಕಿದವರಿಗೆ ಮಾತ್ರ ಸಿಗುತ್ತದೆ. ನಿಮ್ಮಲ್ಲಿ ತಿಂಗಳಿಗೊಮ್ಮೆ ಪಿಸಿಆರ್ ಶುರುವಾದ ವರ್ಷದಿಂದ ರೋಗ ‘ಹೆಚ್ಚಿದಂತೆ’ ಕಂಡರೆ ಅದು ಪರೀಕ್ಷೆ ಹೆಚ್ಚಿದ್ದು. ಶಸ್ತ್ರಚಿಕಿತ್ಸೆಯ ತೊಡಕುಗಳಿಗೆ ಕ್ಲಾವಿಯನ್–ಡಿಂಡೊ ಶ್ರೇಣಿ ಬಳಸಿ, ಅದು ತೊಡಕಿಗೆ ಯಾವ ಚಿಕಿತ್ಸೆ ಬೇಕಾಯಿತು ಎಂದು ನೋಡಿ ದರ್ಜೆ ಕೊಡುತ್ತದೆ. ಸ್ಕ್ಯಾನಿನಲ್ಲಿ ಕಂಡ ಪ್ರತಿ ಲಿಂಫೋಸೀಲೂ (ಕಸಿ ಕಿಡ್ನಿಯ ಪಕ್ಕ ದುಗ್ಧರಸ ಸೇರಿಕೊಂಡದ್ದು) ಲೆಕ್ಕವೋ, ಸೂಜಿ ಹಾಕಿ ತೆಗೆದದ್ದು ಮಾತ್ರವೋ ಎಂಬುದು ಆಗ ತಾನೇ ಇತ್ಯರ್ಥವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಬರುವುದನ್ನು ಬಿಟ್ಟವರಿಗೆ. ಸೆನ್ಸಾರ್ ಮಾಡುವಾಗ, ಕಣ್ಮರೆಯಾದವರ ಗತಿಯೂ ಉಳಿದವರಂತೆಯೇ ಇದೆ ಎಂದು ನೀವು ಒಪ್ಪಿಕೊಂಡಂತೆ. ನಮ್ಮ ಕಡೆ ಅದು ನಿಜವಲ್ಲ. ಬೀದರ್‌ನವರು ಚೆನ್ನಾಗಿದ್ದು, ಬೆಂಗಳೂರಿನ ದಾರಿ ದೂರವೆಂದು ಕಲಬುರಗಿಯಲ್ಲೇ ತೋರಿಸುತ್ತಿರಬಹುದು. ಮಾತ್ರೆಗೆ ದುಡ್ಡಿಲ್ಲದೆ ನಿಲ್ಲಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಹೋಗುತ್ತಿರಲೂಬಹುದು. ಫೋನ್ ಮಾಡದೆ ಗೊತ್ತಾಗುವುದಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಪ್ರಯತ್ನಿಸಿ, ಒಂದು ಭಾನುವಾರ ಸಂಜೆ ಇರಲಿ. ಫೈಲಿನ ನಂಬರ್ ಮಗನದೋ ಭಾವನದೋ ಆಗಿರುತ್ತದೆ, ಮಾತಾಡುತ್ತಿರುವವರು ಯಾರೆಂದು ತಿಳಿಯದೆ ಕಾಯಿಲೆಯ ಸುದ್ದಿ ಎತ್ತಬೇಡಿ. ‘ಇದ್ದಾರಾ’ ಎಂದು ಶುರು ಮಾಡುವುದು ಬೇಡವೇ ಬೇಡ. ‘ಆಸ್ಪತ್ರೆಯಿಂದ ಮಾತಾಡ್ತಾ ಇದ್ದೀವಿ, ಈಚೆಗೆ ಭೇಟಿ ಆಗಿರಲಿಲ್ಲ, ಈಗ ಎರಡು ನಿಮಿಷ ಮಾತಾಡಬಹುದಾ?’ ಎಂದರೆ ಉಳಿದದ್ದನ್ನು ಅವರೇ ಹೇಳುತ್ತಾರೆ. ತೀರಿಕೊಂಡ ದಿನ ತಾರೀಕಿನಲ್ಲಿ ಸಿಗದೇ ಇರಬಹುದು, ‘ಯುಗಾದಿ ಆದ ವಾರ’ ಎನ್ನುತ್ತಾರೆ. ಆ ವರ್ಷದ ಪಂಚಾಂಗ ನೋಡಿ ದಿನ ಹಾಕಿ, ಅಂದಾಜೆಂದು ಗುರುತು ಮಾಡಿ.

ಆಮೇಲೂ ಸಿಗದವರನ್ನು ಕೊನೆಯ ಭೇಟಿಯ ದಿನಕ್ಕೇ ನಿಲ್ಲಿಸಿ, ಅಧ್ಯಯನದ ಕೊನೆಯ ದಿನದವರೆಗೆ ಎಳೆಯಬೇಡಿ. ಜೊತೆಗೆ ಲೆಕ್ಕವನ್ನು ಇನ್ನೆರಡು ಸಲ ಓಡಿಸಿ: ಅವರೆಲ್ಲರ ಕಿಡ್ನಿಯೂ ಹೋಯಿತೆಂದು ಒಮ್ಮೆ, ಎಲ್ಲರೂ ಚೆನ್ನಾಗಿದ್ದಾರೆಂದು ಒಮ್ಮೆ. ಎರಡರ ನಡುವೆ 15 ಶೇಕಡಾವಾರು ಅಂಶ ಅಂತರ ಬಂದರೆ ನಿಮ್ಮ 5 ವರ್ಷದ ಅಂಕಿಗೆ ಶೀರ್ಷಿಕೆಗೆ ಏರುವ ಯೋಗ್ಯತೆ ಇಲ್ಲ.

ಉಳಿವಿಗೆ ಕಾಪ್ಲಾನ್–ಮೈಯರ್ ಗೆರೆ (ಕಾಲ ಕಳೆದಂತೆ ಉಳಿವಿನ ಪ್ರಮಾಣ ಹೇಗೆ ಇಳಿಯುತ್ತದೆ ಎಂದು ತೋರುವುದು), ಅದರ ಕೆಳಗೆ ಆಯಾ ವರ್ಷಕ್ಕೆ ಎಷ್ಟು ಮಂದಿ ಉಳಿದಿದ್ದಾರೆಂಬ ಸಂಖ್ಯೆ. ಹತ್ತಕ್ಕಿಂತ ಕಡಿಮೆಯಾದಲ್ಲಿ ಗೆರೆ ನಿಲ್ಲಿಸಿ. ಮಧುಮೇಹ, ರಿಜೆಕ್ಷನ್‌ಗಳ ಪ್ರಮಾಣಕ್ಕೆ ಸಾವನ್ನು ಪೈಪೋಟಿಯ ಘಟನೆಯಾಗಿ ಹಿಡಿಯುವ ವಿಧಾನ ಬಳಸಿ, ಸತ್ತವರಿಗೆ ಆಮೇಲೆ ಅವು ಬರಲಾರವು. ಆರನೇ ತಿಂಗಳಲ್ಲಿ ಔಷಧ ಬದಲಿಸಿದವರು ಹೆಚ್ಚು ಕಾಲ ಬದುಕಿದರು ಎಂದು ಬರೆಯುವ ಮೊದಲು, ಬದಲಿಸಲು ಅವರು ಆರು ತಿಂಗಳು ಬದುಕಿಯೇ ಇರಬೇಕಿತ್ತು ಎಂಬುದನ್ನು ನೆನೆಯಿರಿ. ಎರಡೂ ಗುಂಪನ್ನು ಆರನೇ ತಿಂಗಳಿಂದಲೇ ಎಣಿಸಿ. ಯಾವ ಅಂಶದಿಂದ ಅಪಾಯ ಎಷ್ಟು ಏರುತ್ತದೆಂದು ಅಳೆಯುವ ಕಾಕ್ಸ್ ಮಾದರಿಗೆ ಒಂದು ಅಂಶಕ್ಕೆ ಸುಮಾರು ಹತ್ತು ಘಟನೆ ಬೇಕು. 18 ಕಿಡ್ನಿ ಹೋಗಿದ್ದರೆ ಒಂದೆರಡು ಅಂಶ ಸಾಕು, ಹನ್ನೆರಡನ್ನು ತುರುಕಿದರೆ ಏನಾದರೊಂದು ‘ಮಹತ್ವದ್ದು’ ಎಂದು ಬಂದೇ ಬರುತ್ತದೆ.

ವಿಶ್ಲೇಷಣೆಗೆ ಕೊಡುವ ಮೊದಲು ಹತ್ತರಲ್ಲೊಂದು ಫೈಲನ್ನು ಚೀಟಿ ಎತ್ತಿ ಆರಿಸಿ, ನಿಮ್ಮ ಶೀಟ್ ನೋಡದ ಇನ್ನೊಬ್ಬರ ಕೈಯಲ್ಲಿ ಹೊಸದಾಗಿ ತುಂಬಿಸಿ. ಕಸಿಯ ದಿನ, ಕೊನೆಯ ಭೇಟಿಯ ದಿನ, ಕಿಡ್ನಿ ಹೋದ ದಿನ, ಈ ಮೂರರಲ್ಲಿ ಎಲ್ಲಿ ವ್ಯತ್ಯಾಸ ಬಂದರೂ ಆ ಕಾಲಮನ್ನು ಎಲ್ಲ ಫೈಲುಗಳಿಗೂ ಮತ್ತೆ ನೋಡಬೇಕು.