ಬೇಡವೆನ್ನಲು ಕಲಿತ ಬಗೆ: ಒಬ್ಬ ತೆರಿಗೆ ಸಲಹೆಗಾರನ ಅನುಭವ

ದಾವಣಗೆರೆಯಲ್ಲಿ ನಾನು ನಡೆಸುವ ತೆರಿಗೆ ಸಲಹಾ ಕಚೇರಿ ಚಿಕ್ಕದು. ಕಿರಾಣಿ, ಬಟ್ಟೆ, ಹಾರ್ಡ್‌ವೇರ್, ಮೆಕ್ಕೆಜೋಳದ ವ್ಯಾಪಾರಿಗಳೇ ನನ್ನ ಕಕ್ಷಿದಾರರು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಕೆಲಸ ತಾನಾಗಿ ಹುಡುಕಿಕೊಂಡು ಬಂತು, ಬಂದವರನ್ನೆಲ್ಲ ಒಪ್ಪಿಕೊಳ್ಳುವುದೇ ಆಗ ಎಲ್ಲ ಕಚೇರಿಗಳ ರೂಢಿಯಾಗಿತ್ತು. ಆ ರೂಢಿಯನ್ನು ನಾನು ಬಿಡುವಂತೆ ಮಾಡಿದ್ದು ಜಿಎಸ್‌ಟಿಯ ವ್ಯವಸ್ಥೆಯೇ.

ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಮಾರಾಟಗಾರರು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ರಿಟರ್ನ್) ಹಾಕಿದರೆ ಮಾತ್ರ ಅವರ ಬಿಲ್ಲು 14ರಂದು ಕೊಂಡವರ 2ಬಿಯಲ್ಲಿ, ಅಂದರೆ ಅವರಿಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಲ್ಲಿ, ಕಾಣಿಸುತ್ತದೆ. ಸಗಟು ವ್ಯಾಪಾರಿಯೊಬ್ಬರು ತಡಮಾಡಿದರೆ, ಅವರಿಂದ 1 ಲಕ್ಷ ರೂಪಾಯಿಯ ಪಿವಿಸಿ ಪೈಪು ಕೊಂಡ ಚಿಲ್ಲರೆ ಅಂಗಡಿಯವರಿಗೆ 18,000 ರೂಪಾಯಿಯ ಕ್ರೆಡಿಟ್, ಅಂದರೆ ಖರೀದಿಯ ಮೇಲಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಆ ತಿಂಗಳು ಸಿಗುವುದಿಲ್ಲ. ಅಷ್ಟನ್ನೂ 20ರೊಳಗೆ ಕೈಯಿಂದ ಕಟ್ಟಬೇಕು. ಒಂದೇ ಪೇಟೆಯಲ್ಲಿ ಮಾರುವವರೂ ಕೊಳ್ಳುವವರೂ ನನ್ನ ಕಕ್ಷಿದಾರರೇ ಆಗಿರುವುದರಿಂದ, ಒಬ್ಬರ ಅಶಿಸ್ತನ್ನು ಸಹಿಸಿಕೊಂಡರೆ ಅದರ ಹೊರೆ ಶಿಸ್ತಿನಿಂದ ಇರುವ ಇನ್ನೊಬ್ಬರ ಮೇಲೆ ಬೀಳುತ್ತದೆ ಎಂಬುದು ನನಗೆ ಸ್ಪಷ್ಟವಾಯಿತು.

ಈಗ ಹೊಸಬರು ಬಂದಾಗ ಫೀಸಿನ ಮಾತಿಗೆ ಮೊದಲು ಹಿಂದಿನ ಆರು ತಿಂಗಳ 3ಬಿ (ಕ್ರೆಡಿಟ್ ಕಳೆದು ತೆರಿಗೆ ಕಟ್ಟುವ ರಿಟರ್ನ್) ಮತ್ತು 2ಬಿಗಳನ್ನು ಕೇಳಿ ಪಡೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. 2ಬಿಯಲ್ಲಿ ಇರುವುದಕ್ಕಿಂತ ಹೆಚ್ಚು ಕ್ರೆಡಿಟ್ ಪಡೆದಿದ್ದರೆ ಕಾರಣ ಕೇಳುತ್ತೇನೆ. ಸರಿಯಾದ ವಿವರಣೆ ಇರುವವರು ಬಿಲ್ಲು ತೆಗೆದು ತೋರಿಸುತ್ತಾರೆ. "ಅದೆಲ್ಲಾ ಹಳೇ ಆಡಿಟರು ನೋಡ್ಕೊಂಡಿದ್ರು ಸಾರ್" ಎನ್ನುವವರ ವಿಷಯದಲ್ಲಿ ನಾನು ಮುಂದುವರಿಯುವುದಿಲ್ಲ. ಪ್ರತಿ ಸಲವೂ 3ಬಿ ತಡವಾಗಿ ಸಲ್ಲಿಕೆಯಾಗಿ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ ಬಿದ್ದಿದ್ದರೆ, ಖರೀದಿ ಬಿಲ್ಲುಗಳನ್ನು ಯಾರು, ಯಾವ ತಾರೀಖಿಗೆ ತಂದುಕೊಡುತ್ತಾರೆ ಎಂದು ವಿಚಾರಿಸುತ್ತೇನೆ. "ಫೀಸು ಎಷ್ಟಾದ್ರೂ ಕೊಡ್ತೀನಿ, ಬಿಲ್ಲು ಮಾತ್ರ ಹತ್ತೊಂಬತ್ತಕ್ಕೇ ಆಗೋದು" ಎಂದವರಿಗೆ ನನ್ನ ಕಚೇರಿ ಹೊಂದುವುದಿಲ್ಲ.

ಸರಕಿಲ್ಲದ ಬಿಲ್ಲನ್ನು ಹೊಂದಿಸಿಕೊಡಿ ಎನ್ನುವವರ ವಿಷಯದಲ್ಲಿ ಯೋಚನೆಯೇ ಬೇಕಿಲ್ಲ. ಕಾಯ್ದೆಯ 122ನೇ ಕಲಮಿನಂತೆ ಅಂಥ ಬಿಲ್ಲಿಗೆ 10,000 ರೂಪಾಯಿ ಅಥವಾ ಆ ತೆರಿಗೆಯಷ್ಟೇ ಮೊತ್ತ, ಇವೆರಡರಲ್ಲಿ ಹೆಚ್ಚಿನದು ದಂಡವಾಗುತ್ತದೆ.

ಪ್ರಾಮಾಣಿಕರಾಗಿದ್ದೂ ನನಗೆ ಹೊಂದದವರನ್ನು ಕಳುಹಿಸುವುದೇ ನಿಜಕ್ಕೂ ಕಷ್ಟ. ರಫ್ತುದಾರರಿಗೆ ತೆರಿಗೆ ವಾಪಸ್ ಕೊಡಿಸುವ ರೀಫಂಡ್ ಕೆಲಸ ನನ್ನದಲ್ಲ. ಅಂಥವರಿಗೆ ಅದನ್ನೇ ದಿನವೂ ಮಾಡುವವರ ವಿಳಾಸ ಕೊಡುತ್ತೇನೆ. ಬೇಡವೆನ್ನುವಾಗ ಫೀಸನ್ನು ಎತ್ತಿ ಹೇಳಿ ಅವರೇ ಹಿಂದೆ ಸರಿಯುವಂತೆ ಮಾಡುವ ಪದ್ಧತಿ ನಮ್ಮ ವೃತ್ತಿಯಲ್ಲಿದೆ. ಅದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕೆಲವರು ಆ ಫೀಸಿಗೂ ಒಪ್ಪಿಬಿಡುತ್ತಾರೆ. "ನಿಮ್ಮ ಕೆಲಸಕ್ಕೆ ಬೇಕಾದಷ್ಟು ಸಮಯ ನನ್ನಲ್ಲಿಲ್ಲ, ತಪ್ಪು ತಿಳಿಯಬೇಡಿ" ಎಂದು ಕಾರಣಸಹಿತ, ಮೊದಲ ಭೇಟಿಯಲ್ಲೇ ಹೇಳುತ್ತೇನೆ.

ಈಗಾಗಲೇ ನಮ್ಮಲ್ಲಿರುವವರನ್ನು ಬಿಡುವಾಗ ತಾರೀಖನ್ನು ಗಮನಿಸಬೇಕು. 3ಬಿ ಸಲ್ಲಿಸಿದ ಮೇಲೆಯೇ ತಿಳಿಸಿ, ಮುಂದಿನ ತಿಂಗಳ ರಿಟರ್ನನ್ನೂ ಮಾಡಿಕೊಟ್ಟು, ಲೆಕ್ಕದ ಫೈಲನ್ನು ಪೂರ್ತಿಯಾಗಿ ಒಪ್ಪಿಸುತ್ತೇನೆ. ಎಷ್ಟೋ ವ್ಯಾಪಾರಿಗಳ ಜಿಎಸ್‌ಟಿ ಖಾತೆಗೆ ಸಲಹೆಗಾರರ ಮೊಬೈಲ್ ಸಂಖ್ಯೆಯೇ ಜೋಡಣೆಯಾಗಿರುತ್ತದೆ; ಅವರನ್ನು ಎದುರಿಗೆ ಕೂರಿಸಿಕೊಂಡು ಅವರದೇ ಸಂಖ್ಯೆ, ಅವರದೇ ಇಮೇಲ್ ಹಾಕಿಸಿ, ಒಟಿಪಿ ಅವರ ಫೋನಿಗೇ ಬಂದದ್ದನ್ನು ನೋಡಿಕೊಂಡ ಮೇಲೆ, ಪಾಸ್‌ವರ್ಡನ್ನು ಅವರ ಕೈಯಿಂದಲೇ ಬದಲಾಯಿಸಲು ಹೇಳುತ್ತೇನೆ.