ಶಾಲೆಯ ಹಿಂದಿನ ಹಳ್ಳಕ್ಕೊಂದು ಲೆಕ್ಕದ ಪುಸ್ತಕ

ಪ್ರತಿವರ್ಷ ಜೂನ್ 5ರಂದು ಮಲೆನಾಡಿನ ಶಾಲೆಗಳಲ್ಲಿಯೂ ಗಿಡ ನೆಡುವ ಕಾರ್ಯಕ್ರಮ ನಡೆಯುತ್ತದೆ. ನಾಲ್ಕೂ ದಿಕ್ಕಿಗೆ ಕಾನು (ದಟ್ಟ ನಿತ್ಯಹಸಿರು ಕಾಡು) ಹಬ್ಬಿರುವ ಊರಿನ ಮಕ್ಕಳು ಸಸಿಯೊಂದನ್ನು ಹಿಡಿದು ಫೋಟೊಕ್ಕೆ ನಿಲ್ಲುತ್ತಾರೆ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಕೂರುವುದೂ ಉಂಟು. ಪರಿಸರ ಶಿಕ್ಷಣವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದರೆ ಬಹಳಷ್ಟು ಕಡೆ ಆ ಮಾತು ಬಣ್ಣದ ಕಾಗದ ಹೊದಿಸಿದ ಪ್ರಾಜೆಕ್ಟ್ ಫೈಲಿನಲ್ಲಿ ಮುಗಿದುಹೋಗಿದೆ.

ನೈಸರ್ಗಿಕ ಸಂಪನ್ಮೂಲದ ನಿರ್ವಹಣೆಯೆಂಬುದು ಮೂಲತಃ ಲೆಕ್ಕದ ವಿದ್ಯೆ. ಎಷ್ಟಿದೆ, ಯಾರಿಗೆ ಎಷ್ಟು ಬೇಕು, ಎಷ್ಟನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಅಳೆದು, ಬರೆದು, ನಾಲ್ಕು ಜನರ ಮುಂದೆ ವಾದಿಸಲು ಬರಬೇಕು. ಅಡಿಕೆ ಮಂಡಿಯ ದರ ಮನೆಮನೆಗೂ ಗೊತ್ತಿರುವ ನಮ್ಮ ಊರುಗಳಲ್ಲಿ ಹಳ್ಳದ ನೀರಿನ ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಮಕ್ಕಳು ಒಂದು ಶಾಲಾ ವರ್ಷದಲ್ಲಿ ಆ ಲೆಕ್ಕವನ್ನು ಇಡುವ ಬಗೆ ಇಲ್ಲಿದೆ. ಬೇಕಾಗುವ ಸಾಮಗ್ರಿಯೂ ಹೆಚ್ಚೇನಲ್ಲ: ಅಳತೆ ಟೇಪು, ಬಕೆಟ್ಟು, ಗಡಿಯಾರ ಮತ್ತು ಒಂದು ದಪ್ಪ ನೋಟ್‌ಬುಕ್.

ಹಳ್ಳವನ್ನು ಆರಿಸುವುದು, ನಕ್ಷೆ ಬರೆಯುವುದು

ತುಂಗೆಯನ್ನಾಗಲಿ ಶರಾವತಿಯನ್ನಾಗಲಿ ಆರಿಸಬೇಡಿ; ಅವು ಮಕ್ಕಳ ಕೈಗೆ ನಿಲುಕುವ ಅಳತೆಯವಲ್ಲ. ಅರ್ಧ ದಿನದಲ್ಲಿ ಹುಟ್ಟಿನಿಂದ ಗದ್ದೆಬಯಲಿನ ತನಕ ನಡೆದು ಬರಬಹುದಾದ, ದಾರಿಯಲ್ಲಿ ಒಂದು ಮೋರಿಯೋ ಕಿರುಸೇತುವೆಯೋ ಇರುವ ಸಣ್ಣ ಹಳ್ಳ ಸಾಕು. ಶಾಲೆ ತೆರೆದ ಮೊದಲ ವಾರದಲ್ಲಿ, ಮಳೆ ಜೋರಾಗುವ ಮುನ್ನ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಒಮ್ಮೆ ನಡೆಯಿರಿ. ಎರಡೂ ಬದಿಯ ದಿಣ್ಣೆಗಳಲ್ಲಿ ಯಾವ ಏರಿನಿಂದ ಈಚೆಗೆ ಬಿದ್ದ ಮಳೆ ಈ ಹಳ್ಳಕ್ಕೆ ಬರುತ್ತದೆ ಎಂಬುದನ್ನು ಗುರುತಿಸಿ ಗೆರೆ ಎಳೆದರೆ ಜಲಾನಯನದ ನಕ್ಷೆ ಸಿದ್ಧವಾಗುತ್ತದೆ. ಈ ಪದವನ್ನು ಪಾಠದಲ್ಲಿ ವಿವರಿಸಲು ಒದ್ದಾಡುವ ಬದಲು ತೀರ್ಥಹಳ್ಳಿ ತಾಲ್ಲೂಕನ್ನೇ ತೋರಿಸಬಹುದು: ಅಲ್ಲಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಧುಮುಕಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಅದೇ ತಾಲ್ಲೂಕಿನಲ್ಲಿ ತುಂಗೆಗೆ ಬಿದ್ದ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನಡುವಿನ ಒಂದು ಏರು ಎರಡು ಸಮುದ್ರಗಳಿಗೆ ನೀರು ಹಂಚುತ್ತದೆ ಎಂದರೆ ಮಕ್ಕಳು ಆ ಏರನ್ನು ಮರೆಯುವುದಿಲ್ಲ.

ನಕ್ಷೆಯಲ್ಲಿ ಪಠ್ಯಪುಸ್ತಕದ ಹಾಗೆ ಎಲ್ಲವನ್ನೂ ‘ಅರಣ್ಯ’ ಎಂದು ಬರೆಯಲು ಬಿಡಬೇಡಿ. ಕಾನು, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಹಕ್ಕಲು (ಕುರುಚಲು ಬೆಳೆದ ಪಾಳು ನೆಲ), ಬ್ಯಾಣ (ಹುಲ್ಲುಗಾವಲು), ಮಕ್ಕಿಗದ್ದೆ (ಮಳೆಯನ್ನೇ ನಂಬಿದ ಎತ್ತರದ ಗದ್ದೆ), ಬಯಲುಗದ್ದೆ, ತೋಟ, ಅಕೇಶಿಯಾ ನೆಡುತೋಪು, ಇವೆಲ್ಲ ಬೇರೆಬೇರೆ ಬಣ್ಣದಲ್ಲಿ ಬರಲಿ. ಈ ಒಂದೊಂದು ಹೆಸರಿನ ಹಿಂದೆಯೂ ಆ ನೆಲವನ್ನು ಯಾರು, ಯಾವುದಕ್ಕೆ, ಎಷ್ಟರ ಮಟ್ಟಿಗೆ ಬಳಸಬಹುದೆಂಬ ಹಳೆಯ ಕಟ್ಟುಪಾಡು ಇದೆ.

ಮಳೆಯ ಲೆಕ್ಕ

ಮೇಲಿನಿಂದ ಕೆಳಗಿನ ತನಕ ಒಂದೇ ಅಗಲವಿರುವ, ತಳ ಸಮತಟ್ಟಾದ ಪಾರದರ್ಶಕ ಡಬ್ಬಿಯೊಂದು ಮಳೆಮಾಪಕವಾಗುತ್ತದೆ. ಹೊರಗೆ ಮಿಲಿಮೀಟರ್ ಪಟ್ಟಿ ಅಂಟಿಸಿ, ಮರ ಮಾಡುಗಳಿಂದ ದೂರದ ಬಯಲಿನಲ್ಲಿ, ಗಾಳಿಗೆ ಉರುಳದಂತೆ ಕಟ್ಟಿ ನಿಲ್ಲಿಸಬೇಕು. ನಾನು ಮೊದಲ ಸಲ ಮಾಡಿಸಿದಾಗ ಓದಲು ಅನುಕೂಲವೆಂದು ಜಗಲಿಯ ಹತ್ತಿರವೇ ಇಡಿಸಿದ್ದೆ; ಸೂರಂಚಿನ ನೀರೂ ಅದರೊಳಗೆ ಬಿದ್ದು, ನಮ್ಮ ಪುಸ್ತಕದಲ್ಲಿ ಒಂದು ವಾರ ಆಗುಂಬೆಯನ್ನೂ ಮೀರಿಸುವ ಮಳೆ ಸುರಿಯಿತು. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ಓದಿ ಬರೆದರೆ ನಿಮ್ಮ ಅಂಕಿಯನ್ನು ಹೋಬಳಿಯ ಅಂಕಿಯೊಂದಿಗೆ ಹೋಲಿಸಬಹುದು. ಡಬ್ಬಿ ಎತ್ತರವಿರಲಿ, ಘಟ್ಟದ ಅಂಚಿನ ಶಾಲೆಗಳಲ್ಲಿ ಅದು ಒಂದೇ ದಿನಕ್ಕೆ ತುಂಬಿ ಹರಿಯಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ, ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಅದರ ಐದನೆಯ ಒಂದು ಪಾಲೂ ಬೀಳುವುದಿಲ್ಲ. ಆದ್ದರಿಂದ ‘ಜಿಲ್ಲೆಯ ಮಳೆ’ ಎಂಬ ಸರಾಸರಿ ಅಂಕಿ ನಿಮ್ಮ ಹಳ್ಳಕ್ಕೆ ಏನನ್ನೂ ಹೇಳದು.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಶಾಲೆಯ ಮಾಡು 200 ಚದರ ಮೀಟರ್ ಇದ್ದು, 100 ಮಿ.ಮೀ. ಮಳೆ ಬಂದ ದಿನ ಅದರ ಮೇಲೆ 20,000 ಲೀಟರ್ ನೀರು ಬಿದ್ದಿರುತ್ತದೆ ಎಂಬುದನ್ನು ಮಕ್ಕಳೇ ಗುಣಿಸಿ ಕಂಡುಕೊಳ್ಳಲಿ; ಏಪ್ರಿಲ್‌ನಲ್ಲಿ ಅದೇ ಶಾಲೆಗೆ ನೀರು ಹೊರುವುದನ್ನು ಅವರು ಕಂಡಿರುತ್ತಾರೆ.

ಪುಸ್ತಕದಲ್ಲಿ ತಿಂಗಳಿನ ಅಂಕಣದ ಪಕ್ಕದಲ್ಲಿ ಮಳೆ ನಕ್ಷತ್ರದ ಅಂಕಣವೂ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ಊರಿನ ಹಿರಿಯರು ಜುಲೈ, ಆಗಸ್ಟ್ ಎಂದು ನೆನಪಿಟ್ಟುಕೊಳ್ಳುವುದಿಲ್ಲ. ಆರಿದ್ರೆ ಹೊಡೆಯಿತು, ಪುಷ್ಯ ಕೈಕೊಟ್ಟಿತು, ಮಘೆ ಸುರಿಯಿತು ಎನ್ನುತ್ತಾರೆ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಈ ಅಂಕಣವಿದ್ದರೆ ‘ಈಗ ಮಳೆಯೇ ಮೊದಲಿನಂತಿಲ್ಲ’ ಎಂಬ ಅಜ್ಜನ ಮಾತನ್ನು ಅಂಕಿಯ ಪಕ್ಕದಲ್ಲಿಟ್ಟು ನೋಡಲು ಸಾಧ್ಯ. ‘ಮಘೆ ಮಳೆ ಬಂದಷ್ಟೇ ಒಳ್ಳೇದು, ಮನೆ ಮಗ ಉಂಡಷ್ಟೇ ಒಳ್ಳೇದು’ ಎಂಬ ಗಾದೆ ನಿಮ್ಮ ಊರಿನ ತೋಟಕ್ಕೂ ಹೊಂದುತ್ತದೆಯೇ, ಗದ್ದೆಗೆ ಮಾತ್ರವೇ ಎಂದು ವಿಚಾರಿಸಿ ಬರಲು ಹೇಳಿದರೆ ಒಳ್ಳೆಯ ಮನೆಗೆಲಸವಾಗುತ್ತದೆ.

ಇಲ್ಲೊಂದು ತೊಡಕಿದೆ. ಅತಿ ಹೆಚ್ಚು ಮಳೆ ಬೀಳುವ ದಿನಗಳಂದೇ ಶಾಲೆಗೆ ಮಳೆ ರಜೆ. ಆದ್ದರಿಂದ ಶಾಲೆಗೆ ಹತ್ತಿರದ ಮನೆಯ ಅಂಗಳದಲ್ಲಿ ಇನ್ನೊಂದು ಡಬ್ಬಿ ಇರಿಸಿ. ಓದು ತಪ್ಪಿದ ದಿನ ಜಾಗವನ್ನು ಖಾಲಿ ಬಿಡುವುದನ್ನು ಕಲಿಸುವುದು ಓದುವುದನ್ನು ಕಲಿಸುವಷ್ಟೇ ಮುಖ್ಯ. ಒಂದು ಪುಟದ ಅಂಕಿಗಳೆಲ್ಲವೂ 0 ಅಥವಾ 5ರಲ್ಲಿ ಮುಗಿದಿದ್ದರೆ ಯಾರೋ ಬೆಂಚಿನ ಮೇಲೆ ಕೂತೇ ಮಳೆ ಸುರಿಸಿದ್ದಾರೆಂದು ತಿಳಿಯಿರಿ.

ಹರಿವನ್ನು ಅಳೆಯುವುದು

ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಮಗುವೂ ಹಳ್ಳಕ್ಕೆ ಇಳಿಯಕೂಡದು. ಪಂಚಾಯಿತಿಯ ಒಪ್ಪಿಗೆ ಪಡೆದು, ಬೇಸಿಗೆಯಲ್ಲೇ ಸೇತುವೆಯ ಕಂಬಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಬಿಳಿ ಬಣ್ಣದ ಗೆರೆ ಹಾಕಿಸಿಟ್ಟರೆ ಮಳೆಗಾಲದಲ್ಲಿ ದೊಡ್ಡವರ ಜೊತೆಯಲ್ಲಿ ರಸ್ತೆಯ ಮೇಲೆ ನಿಂತೇ ನೀರಿನ ಮಟ್ಟವನ್ನು ಓದಬಹುದು.

ಅಕ್ಟೋಬರ್‌ನಲ್ಲಿ ನೀರು ತಿಳಿಯಾಗಿ ಮೊಣಕಾಲಿನ ಕೆಳಗಿಳಿದ ಮೇಲೆ ನೇರವಾಗಿ ಹರಿಯುವ ಹತ್ತು ಮೀಟರ್ ಭಾಗವನ್ನು ಆರಿಸಿ ಎರಡೂ ತುದಿಗೆ ದಾರ ಕಟ್ಟಿ. ಅಗಲವನ್ನು ಅಳೆದು, ಅಡ್ಡಲಾಗಿ ಐದಾರು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಒಂದು ನಿಂಬೆಹಣ್ಣನ್ನು ತೇಲಿಬಿಟ್ಟು ಅದು ಹತ್ತು ಮೀಟರ್ ಸಾಗಲು ಹಿಡಿಯುವ ಸಮಯವನ್ನು ಐದು ಸಲ ಬರೆದುಕೊಳ್ಳಿ. ಒಣ ಎಲೆ ಬೇಡ. ಗಾಳಿ ಅದನ್ನು ತನ್ನ ಕಡೆಗೆ ಎಳೆಯುತ್ತದೆ. ಅಗಲ 2 ಮೀಟರ್, ಸರಾಸರಿ ಆಳ 25 ಸೆಂ.ಮೀ. ಎಂದಾದರೆ ಅಡ್ಡಕೊಯ್ತ ಅರ್ಧ ಚದರ ಮೀಟರ್. ನಿಂಬೆಹಣ್ಣಿಗೆ 25 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್. ತಳದ ಕಲ್ಲುಗಳು ನೀರನ್ನು ತಡೆಯುವುದರಿಂದ ಮೇಲಿನ ನೀರಿಗಿಂತ ಕೆಳಗಿನದು ನಿಧಾನ; ಅದಕ್ಕಾಗಿ ವೇಗವನ್ನು ಸುಮಾರು 0.8ರಿಂದ ಗುಣಿಸಿದರೆ 0.32 ಆಗುತ್ತದೆ. ಅಂದರೆ ಹಳ್ಳದಲ್ಲಿ ಸೆಕೆಂಡಿಗೆ 160 ಲೀಟರ್ ನೀರು ಹರಿಯುತ್ತಿದೆ. ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಿ ರೇಖಾಚಿತ್ರ ಬರೆದರೆ, ಮಳೆ ನಿಂತ ಮೇಲೆ ಕಾಡು ಹೀರಿಟ್ಟುಕೊಂಡ ನೀರನ್ನು ಹೇಗೆ ಬಿಟ್ಟುಕೊಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆ ಗೆರೆ ಥಟ್ಟನೆ ಕುಸಿಯುವ ಹಳ್ಳಕ್ಕೂ ನಿಧಾನವಾಗಿ ಜಾರುವ ಹಳ್ಳಕ್ಕೂ ವ್ಯತ್ಯಾಸವೇನೆಂದು ಕೇಳಿ, ಮೊದಲ ದಿನದ ನಕ್ಷೆಯನ್ನು ಮತ್ತೆ ಮುಂದಿಡಿ.

ನೀರಿನೊಳಗಿನ ಜೀವಿಗಳು

ಕಲ್ಲುಗಳ ಮೇಲೆ ನೊರೆಯೆದ್ದು ಹರಿಯುವ ಕಡೆ ಅಂಗೈ ಅಗಲದ ಕಲ್ಲನ್ನು ಮೆಲ್ಲಗೆ ಎತ್ತಿ ಬಿಳಿಯ ತಟ್ಟೆಯಲ್ಲಿ ತೊಳೆದರೆ ಸಾಮಾನ್ಯವಾಗಿ ಮೂರು ಬಾಲದ ಮೇಫ್ಲೈ ಮರಿಗಳು, ಎರಡು ಬಾಲದ ಸ್ಟೋನ್‌ಫ್ಲೈ ಮರಿಗಳು, ಮರಳು ಎಲೆಚೂರುಗಳಿಂದ ಗೂಡು ಕಟ್ಟಿಕೊಂಡ ಕ್ಯಾಡಿಸ್‌ಫ್ಲೈ ಹುಳುಗಳು ಸಿಗಬಹುದು. ಇವು ಇದ್ದಲ್ಲಿ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದೆ ಎಂದರ್ಥ. ಇವು ಮಾಯವಾಗಿ ಕೆಂಪು ಹುಳುಗಳೇ ತುಂಬಿದ್ದರೆ ಮೇಲೆಲ್ಲೋ ಕೊಳೆ ಸೇರುತ್ತಿದೆ. ಎಣಿಸಿದ ಮೇಲೆ ಜೀವಿಗಳನ್ನು ಅಲ್ಲಿಯೇ ಬಿಟ್ಟು, ಕಲ್ಲನ್ನು ಮೊದಲಿದ್ದ ಹಾಗೆಯೇ ಇಡಬೇಕು.

ಮಲೆನಾಡಿಗೆ ವಿಶೇಷವಾದ ಪ್ರಶ್ನೆಯೊಂದಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಇರುತ್ತದೆ. ಮೈಲುತುತ್ತದ ತಾಮ್ರ ನೀರಿನ ಜೀವಿಗಳಿಗೆ ವಿಷ. ಡ್ರಮ್ಮು, ಪಂಪುಗಳನ್ನು ಎಲ್ಲಿ ತೊಳೆಯುತ್ತಾರೆಂದು ಮಕ್ಕಳಿಗೆ ಗೊತ್ತೇ ಇರುತ್ತದೆ. ಆ ಜಾಗದ ಮೇಲೆ ಮತ್ತು ಕೆಳಗೆ ಒಂದೊಂದು ಎಣಿಕೆ ಮಾಡಿಸಿ. ಆದರೆ ಪುಸ್ತಕದಲ್ಲಿ ಮನೆಯ ಹೆಸರು ಬರಬಾರದು, ‘ಕಾಲುಸಂಕದ ಕೆಳಗೆ’ ಎಂದಷ್ಟೇ ಬರಬೇಕು. ತೋಟವಿಲ್ಲದೆ ಊರು ಬದುಕದು ಎಂಬುದು ತರಗತಿಯ ಅರ್ಧ ಮಕ್ಕಳಿಗೆ ಮನೆಯ ಮಾತು; ಅದನ್ನು ಮರೆತು ನಡೆಸಿದ ಪಾಠ ದೂರಿನ ಅರ್ಜಿಯಾಗುತ್ತದೆ.

ಮಣ್ಣು, ದರಕು, ಒಂದು ಎಚ್ಚರಿಕೆ

ಎರಡೂ ಬದಿ ತೆರೆದ ತಗಡಿನ ಡಬ್ಬಿಯನ್ನು ಒಂದೆರಡು ಅಂಗುಲ ನೆಲಕ್ಕಿಳಿಸಿ, ಒಂದು ಲೀಟರ್ ನೀರು ಹೊಯ್ದು, ಇಂಗಲು ಹಿಡಿಯುವ ಸಮಯವನ್ನು ನೋಡಿ. ಮೂರು ಸಲ ಮಾಡಿ ಮೂರನೆಯದನ್ನು ಬರೆದುಕೊಳ್ಳಿ. ಕಾನಿನ ಅಂಚು, ಬ್ಯಾಣ, ಅಕೇಶಿಯಾ ತೋಪು, ಶಾಲೆಯ ಆಟದ ಬಯಲು, ಈ ನಾಲ್ಕು ಕಡೆ ಮಾಡಿದರೆ ಸಾಕು.

ಈ ಕೆಲಸ ಅಕ್ಟೋಬರ್, ನವೆಂಬರ್ ಒಳಗೆ ಮುಗಿಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ (ಉಣ್ಣಿಗಳಿಂದ) ಹರಡುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಸಿ. ಸೊಪ್ಪಿನಬೆಟ್ಟದಿಂದ ಮನೆಗೆ ಬರುವ ದರಕಿನ (ಉದುರಿದ ಒಣ ಎಲೆಯ) ಲೆಕ್ಕವನ್ನೂ ಮುಟ್ಟಿ ತೂಗಬೇಕಿಲ್ಲ. ವಾರಕ್ಕೆ ಎಷ್ಟು ಹೊರೆ ಬಂತೆಂದು ಎಣಿಸಿದರೆ ಸಾಕು.

ಮಾರ್ಚ್ ತಿಂಗಳ ಅಬ್ಬಿ ನೀರು

ವರ್ಷದ ಕೆಲಸವೆಲ್ಲ ಬಂದು ನಿಲ್ಲುವುದು ಇಲ್ಲಿ. ಗುಡ್ಡದ ಒಸರಿನಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರು ಮಾರ್ಚ್ ಹೊತ್ತಿಗೆ ಸೊರಗುತ್ತದೆ. ಊರಿನ ಜಗಳಗಳೂ ಆಗಲೇ ಶುರುವಾಗುತ್ತವೆ. ಮಕ್ಕಳು ಕಾಡಿಗೆ ಹೋಗದೆ ಮನೆಯ ತುದಿಯಲ್ಲೇ ಬಕೆಟ್ಟು ಹಿಡಿದು ಅಳೆಯಲಿ. ಎಲ್ಲ ಪೈಪುಗಳನ್ನೂ ಕೂಡಿಸಿದಾಗ 15 ಲೀಟರಿನ ಬಕೆಟ್ಟು 30 ಸೆಕೆಂಡಿಗೆ ತುಂಬುವಷ್ಟು ನೀರು ಎಂದಾದರೆ ಸೆಕೆಂಡಿಗೆ ಅರ್ಧ ಲೀಟರ್, ದಿನಕ್ಕೆ 43,200 ಲೀಟರ್. ಕೇಳಲು ಬಹಳ ದೊಡ್ಡ ಅಂಕಿ.

ಈಗ ಹಂಚಿಸಿ. ಇಪ್ಪತ್ತು ಮನೆ, ಮನೆಗೆ ಐದು ಜನ, ಜಲ ಜೀವನ್ ಮಿಷನ್ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ 5,500 ಲೀಟರ್ ಮನೆಬಳಕೆಗೆ ಹೋಯಿತು. ಉಳಿದದ್ದು 37,700. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಎಕರೆ ತೋಟದಲ್ಲಿ ಸುಮಾರು 550 ಅಡಿಕೆ ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16 ಲೀಟರ್ ಹಿಡಿದರೂ ಎಕರೆಗೆ 8,800 ಲೀಟರ್ ಬೇಕು. ಹೀಗೆ ಉಳಿದ ನೀರು ನಾಲ್ಕು ಎಕರೆ ಚಿಲ್ಲರೆಗೆ ಮುಗಿದುಹೋಗುತ್ತದೆ. ದನಕರುಗಳ ಪಾಲು ಇನ್ನೂ ಸೇರಿಲ್ಲ. ಹಳ್ಳಕ್ಕೆ, ಅದರ ಏಡಿ ಮೀನುಗಳಿಗೆ ಒಂದು ಹನಿಯೂ ಉಳಿದಿಲ್ಲ.

ತರಗತಿಯನ್ನು ಮೇಲಿನ ತೋಟದವರು, ಕೆಳಗಿನ ತೋಟದವರು, ತೋಟವಿಲ್ಲದ ಮನೆಯವರು, ಹಳ್ಳದ ಪರ ಮಾತನಾಡುವವರು ಎಂದು ನಾಲ್ಕು ಗುಂಪು ಮಾಡಿ. ಮೇಲಿನ ತೋಟದ ಮನೆಯ ಮಗುವನ್ನು ಬೇಕೆಂದೇ ಕೆಳಗಿನವರ ಗುಂಪಿಗೆ ಹಾಕಿ. ಸರದಿಯೋ, ಪೈಪಿನ ಗಾತ್ರಕ್ಕೆ ಮಿತಿಯೋ, ರಾತ್ರಿಯ ನೀರನ್ನು ಹಿಡಿದಿಡುವ ತೊಟ್ಟಿಯೋ, ತುಂತುರು ಬಿಟ್ಟು ಹನಿಗೆ ಬದಲಾಗುವುದೋ, ಮೂಲದ ಸುತ್ತಲಿನ ಕಾನನ್ನು ಕಡಿಯದಿರುವ ಒಪ್ಪಂದವೋ, ಅವರೇ ಹೇಳಲಿ. ಒಂದೇ ನಿಯಮ: ಪ್ರತಿ ಸಲಹೆಯ ಮುಂದೆಯೂ ಅದರಿಂದ ಎಷ್ಟು ಲೀಟರ್ ಉಳಿಯುತ್ತದೆ, ಯಾರಿಗೆ ಎಷ್ಟು ಕಡಿಮೆಯಾಗುತ್ತದೆ ಎಂಬ ಅಂಕಿ ಇರಬೇಕು. ಉಪಾಧ್ಯಾಯರು ತೀರ್ಪು ಕೊಡುವ ಆಸೆಯನ್ನು ಅದುಮಿಟ್ಟುಕೊಳ್ಳಬೇಕು. ಮೊದಲ ವರ್ಷ ನನಗೆ ಅದು ಸಾಧ್ಯವಾಗಲಿಲ್ಲ.

ಪುಸ್ತಕ ಹೊರಗೆ ಹೋಗುವುದು

ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಗೆ ಈ ಪುಸ್ತಕದಿಂದ ಒಂದೇ ಒಂದು ಬೇಡಿಕೆಯನ್ನು, ಅದರ ಅಂಕಿಗಳೊಂದಿಗೆ, ಒಂದು ಪುಟದಲ್ಲಿ ಬರೆದು ಒಯ್ಯಿರಿ. ಹತ್ತು ಬೇಡಿಕೆ ಒಯ್ದರೆ ಹತ್ತೂ ನಡಾವಳಿಯಲ್ಲಿ ಮಲಗುತ್ತವೆ. ಜೀವಿಗಳ ಪಟ್ಟಿ ಮತ್ತು ನಕ್ಷೆಯ ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಬಹುದು. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗುವ ಈ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕಾಗಿದೆ.

ಮೂಲ ಪುಸ್ತಕ ಶಾಲೆಯಲ್ಲೇ ಉಳಿಯಲಿ, ಆದರೆ ನೆಲಮಟ್ಟದ ಕಪಾಟಿನಲ್ಲಿ ಬೇಡ. ಒಂದು ಮಳೆಗಾಲಕ್ಕೆ ಬೂಷ್ಟು, ಇನ್ನೊಂದಕ್ಕೆ ಗೆದ್ದಲು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿಟ್ಟು, ಬೇಸಿಗೆ ರಜೆಗೆ ಮುನ್ನ ಮುಂದಿನ ತರಗತಿಯ ಇಬ್ಬರು ಮಕ್ಕಳನ್ನು ಸೇತುವೆಗೆ ಕರೆದೊಯ್ದು ಗೆರೆಗಳನ್ನು ಓದಿಸಿ. ಮಾಸಿದ ಗೆರೆಗಳಿಗೆ ಬಣ್ಣ ಹಚ್ಚಬೇಕಾದದ್ದು ಆಗಲೇ. ಜೂನ್ ಬಂದ ಮೇಲೆ ಬಣ್ಣ ಒಣಗುವುದಿಲ್ಲ.